ಕೆಂಪು ಬಿಟ್ಟ ವೈನು

"ಫಾದರ್, ನನ್ನ ತಮ್ಮ ಮೊದಲಿನ ಹಾಗಿಲ್ಲ. ನಾನು ಊರಿಗೆ ಹೋದರೆ ಓಡಿಬಂದು ಕೈಯಿಂದ ಚೀಲ ಕಿತ್ತುಕೊಳ್ಳುತ್ತಿದ್ದವನು ಈಗ ಎರಡು ಮಾತಾಡಿ ಒಳಗೆ ಹೋಗುತ್ತಾನೆ. ನನ್ನ ಬೆನ್ನ ಹಿಂದೆ ಏನೋ ನಡೆಸಿದ್ದಾನೆ. ಈ ಸಲ ಹೋದಾಗ ಎಲ್ಲರೆದುರೇ ಕೇಳಿಬಿಡಲೇ?" ಎಂದು ವಲೇರಿಯನ್ ತನ್ನ ಗುರು ಬಲ್ತಜಾರ್ ಪಾದ್ರಿಗಳನ್ನು ಕೇಳಿದ.

"ಕೇಳುವಿಯಂತೆ, ಆತುರವೇನು? ಕೂತುಕೋ ಮಾರಾಯ" ಎಂದು ಪಾದ್ರಿಗಳು ಕತೆ ಶುರು ಮಾಡಿದರು.

ಒಬ್ಬ ಹಂಚಿನ ವ್ಯಾಪಾರಿ ಇದ್ದ. ಊರಿಗೆಲ್ಲ ಹಂಚು ಮಾರಿದವನ ಸ್ವಂತ ಮನೆಗೆ ತಗಡಿನ ಮಾಡು, ಅಂಥ ಆಸಾಮಿ. ಮಗಳು ಹುಟ್ಟಿದಾಗ ಮಾತ್ರ ಕೈ ಬಿಚ್ಚಿದ. ದೊಡ್ಡ ಗಾಜಿನ ಭರಣಿಯ ತುಂಬ ಪೋರ್ಟ್ ಎಂಬ ಒಳ್ಳೆಯ ಸಿಹಿ ವೈನ್ ತರಿಸಿದ. ಅದನ್ನು ಅವಳ ಮದುವೆಯ ದಿನ ತೆಗೆಯಬೇಕೆಂದು ಅವನ ಆಸೆ. ತಗಡಿನ ಬಿಸಿಗೆ ವೈನು ಕೆಡುತ್ತದೆ. ಅವನ ತಮ್ಮನದು ದಪ್ಪ ಮಣ್ಣುಗೋಡೆಯ ತಂಪು ಮನೆ. ಅಲ್ಲಿನ ಕತ್ತಲೆ ಕೋಣೆಯಲ್ಲಿ ಭರಣಿ ಇಡಿಸಿ, ಬಿರಡೆಯ ಮೇಲೆ ಅರಗು ಸುರಿದು, ತನ್ನ ಉಂಗುರ ಒತ್ತಿದ. ಯಾರೂ ಮುಟ್ಟಬಾರದು, ಅಲುಗಾಡಿಸಬಾರದು ಎಂದ. ತಮ್ಮ ಹೂಂ ಎಂದ. ಅಂದಿನಿಂದ ತನ್ನ ಮಕ್ಕಳನ್ನೂ ಆ ಕೋಣೆಗೆ ಬಿಡಲಿಲ್ಲ.

ಮಗಳು ಬೆಳೆದಳು. ಗಂಡು ಗೊತ್ತಾಯಿತು. ಮದುವೆಯ ಬೆಳಿಗ್ಗೆ ವ್ಯಾಪಾರಿ ಭರಣಿಯನ್ನು ತನ್ನ ಅಂಗಳಕ್ಕೆ ತರಿಸಿ ಬಿಸಿಲಲ್ಲಿ ಇಡಿಸಿದ. ಬಗ್ಗಿ ನೋಡಿದ. ದಾಸವಾಳದಷ್ಟು ಕೆಂಪಗಿದ್ದ ವೈನು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ತಳದಲ್ಲಿ ಮಡ್ಡಿ ಕೂತಿತ್ತು. ಭರಣಿಯ ಕುತ್ತಿಗೆಯವರೆಗೆ ಇದ್ದದ್ದು ಕೆಳಗಿಳಿದಿತ್ತು.

ಸಿಹಿ ವೈನು ಹಳೆಯದಾದರೆ ಕೆಂಪು ಬಿಡುತ್ತದೆ, ಮಡ್ಡಿ ಇಳಿಯುತ್ತದೆ, ಬಿರಡೆಯ ಸಂದಿನಲ್ಲೇ ಒಂದಿಷ್ಟು ಆರಿಹೋಗುತ್ತದೆ. ಇದು ವ್ಯಾಪಾರಿಗೂ ಗೊತ್ತಿರಲಿಲ್ಲ. ಪಾಪ, ತಮ್ಮನಿಗೂ ಗೊತ್ತಿರಲಿಲ್ಲ.

ವ್ಯಾಪಾರಿ ಅರಗು ನೋಡಿದ. ಒಡೆದಿರಲಿಲ್ಲ. ಉಂಗುರದ ಗುರುತೂ ಹಾಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ಇವನಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಇಷ್ಟು ಚೊಕ್ಕವಾಗಿದೆ ಎಂದರೆ ಕಳ್ಳ ಎಂಥ ಪಳಗಿದವನಿರಬೇಕು! ಹಿಂದೊಮ್ಮೆ ತನಗೆ ಜ್ವರ ಏರಿದಾಗ ತಮ್ಮ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ನೆನಪಾಯಿತು. ಉಂಗುರ ಬಿಚ್ಚಿಕೊಂಡದ್ದು ಆಗಲೇ! ಕ್ರಿಸ್ಮಸ್ಸಿಗೆ ತಮ್ಮನ ಮನೆಯವರೆಲ್ಲ ಕೂಡಿ ಹಾಡಿದ್ದು ನೆನಪಾಯಿತು. ಏನು ಕುಡಿದು ಹಾಡಿದ್ದರೋ! ತಮ್ಮ ಮಾಡಿದ ಒಂದೊಂದು ಉಪಕಾರವೂ ಅವನಿಗೆ ಆಗ ಒಂದೊಂದು ಸಂಚಾಗಿ ಕಂಡಿತು.

ಚಪ್ಪರದಲ್ಲಿ ನೆಂಟರೆಲ್ಲ ಕೂತಿದ್ದರು. ಹೆಂಡತಿ ಮಕ್ಕಳೊಡನೆ ತಮ್ಮ ಬಂದ. ವ್ಯಾಪಾರಿ ಅವನನ್ನು ಅಲ್ಲೇ ತಡೆದ.

"ನನ್ನ ವೈನು ಕುಡಿದು ಬೆಲ್ಲದ ನೀರು ತುಂಬಿಸಿದೆಯಲ್ಲೋ, ಕಳ್ಳ!"

"ಅಣ್ಣಾ, ನಾನು ಅದನ್ನು ಮುಟ್ಟಿಲ್ಲ."

"ಮುಟ್ಟದಿದ್ದರೆ ಬಣ್ಣ ಎಲ್ಲಿ ಹೋಯಿತು?"

ಮದುಮಗಳು ಅಪ್ಪನ ಕೈ ಹಿಡಿದು ಬೇಡಿಕೊಂಡಳು. ಅವನು ಕೇಳಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತಮ್ಮ ಹೊರಟುಹೋದ. ಮತ್ತೆಂದೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ವ್ಯಾಪಾರಿ ಸಿಟ್ಟಿನಲ್ಲಿ ಬಿರಡೆ ಕಿತ್ತು ವೈನನ್ನೆಲ್ಲ ತೆಂಗಿನ ಬುಡಕ್ಕೆ ಸುರಿದ. ಅಂಗಳವೆಲ್ಲ ಘಮ್ಮೆಂದಿತು. ಬೆರಳಿಗೆ ಅಂಟಿದ ಹನಿಯನ್ನು ನೆಕ್ಕಿ ನೋಡಿದ. ಅಂಥ ರುಚಿಯನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ಎಲ್ಲಿಂದ ಬರಬೇಕು! ಕಳ್ಳ ಬದಲಿಗೆ ತುಂಬಿಸಿದ್ದೇ ಇಷ್ಟು ಚೆನ್ನಾಗಿದ್ದರೆ ಕದ್ದದ್ದು ಇನ್ನೆಷ್ಟು ಚೆನ್ನಾಗಿತ್ತೋ ಎಂದು ಸಾಯುವವರೆಗೂ ಹಲುಬಿದ.

ಪಾದ್ರಿಗಳು ಕತೆ ನಿಲ್ಲಿಸಿದರು. ವಲೇರಿಯನ್‌ಗೆ ತಡೆಯಲಾಗಲಿಲ್ಲ. "ಆ ತಮ್ಮನೂ ಏನಾದರೂ ತಿರುಗಿ ಕೇಳಬಹುದಿತ್ತಲ್ಲ, ಫಾದರ್?" ಎಂದ.

"ಕೇಳಬಹುದಿತ್ತು: ಭರಣಿ ಒಪ್ಪಿಸಿ ಹೋದವನ ತಲೆ ಕಪ್ಪಗಿತ್ತು, ಜಗಳಕ್ಕೆ ನಿಂತವನ ತಲೆ ಬೆಳ್ಳಗಿತ್ತು, ಆದರೂ 'ನನ್ನ ಅಣ್ಣನನ್ನು ಏನು ಮಾಡಿದೆ' ಎಂದು ತಮ್ಮ ಅವನನ್ನು ಕೇಳಲಿಲ್ಲ."

ಆ ಸಲ ಊರಿಗೆ ಹೋದಾಗ ವಲೇರಿಯನ್ ತನ್ನ ಚೀಲ ತಾನೇ ಹೊತ್ತು ತಮ್ಮನ ಹಿಂದೆಯೇ ಒಳಗೆ ಹೋದ.