ತೌಡಿಗೆ ಕೂಸು ಕೊಟ್ಟ ಗಾಳೆವ್ವ

ಬಹಳ ಹಿಂದೆ, ಮಳೆಗಳಿಗೆ ಹೆಸರಿದ್ದು ವರ್ಷಗಳಿಗೆ ಲೆಕ್ಕವಿಲ್ಲದ ಕಾಲದಲ್ಲಿ, ಎರೆಸೀಮೆಯ ಒಂದೂರಿನಲ್ಲಿ ಗಾಳೆವ್ವ ಎಂಬ ಹೆಂಗಸು ಇದ್ದಳಂತೆ. ಗಂಡ ಬಿಟ್ಟವಳು ಅನ್ನುತ್ತಾರೆ, ಗಂಡನನ್ನು ಬಿಟ್ಟವಳು ಅಂತಲೂ ಅನ್ನುತ್ತಾರೆ. ಅದು ಹೇಳುವವರ ಮೇಲೆ ಹೋಗುತ್ತದೆ. ಮಕ್ಕಳಿಲ್ಲದವಳು ಎಂಬುದನ್ನು ಮಾತ್ರ ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಊರ ತಿಪ್ಪೆಗಳ ಪಕ್ಕದಲ್ಲಿ ಅವಳ ಗುಡಿಸಲು.

ಆ ಊರಲ್ಲಿ ಕೂಸುಗಳು ಉಳಿಯುತ್ತಿರಲಿಲ್ಲ. ಹುಟ್ಟಿದ್ದನ್ನು ಮುದ್ದು ಮಾಡುವಷ್ಟರಲ್ಲಿ ಸಾವು ಬಂದು ಎತ್ತಿಕೊಂಡು ಹೋಗುತ್ತಿತ್ತು. ಸಾವಿಗೆ ಬೇಕಾದದ್ದು ಮುದ್ದಿನ ಕೂಸು, ಎಸೆದದ್ದು ಅದಕ್ಕೆ ಬೇಡ. ಇದನ್ನು ಮೊದಲು ಕಂಡುಕೊಂಡವಳು ಗಾಳೆವ್ವನೇ ಅಂತೆ. ನಾನು ತಿರುಗಿದ ಎಷ್ಟೋ ಊರುಗಳಲ್ಲಿ ಇದು ತಮ್ಮೂರವರೇ ಕಂಡುಕೊಂಡದ್ದು ಅನ್ನುತ್ತಾರೆ. ಇರಲಿ.

ಹೀಗೆ ಮಾಡುತ್ತಿದ್ದರಂತೆ. ಹಿಂದಿನ ಕೂಸುಗಳನ್ನು ಕಳೆದುಕೊಂಡ ತಾಯಿ ಹೊಸ ಕೂಸನ್ನು ಹರಕು ಬಟ್ಟೆಯಲ್ಲಿ ಸುತ್ತಿ, ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಹೋಗಬೇಕು. ಗಾಳೆವ್ವ ಬಂದು, ಯಾರೋ ಎಸೆದು ಹೋಗಿದ್ದಾರೆ ಎಂಬಂತೆ ಎತ್ತಿಕೊಳ್ಳಬೇಕು. ಆಮೇಲೆ ಅದೇ ತಾಯಿ, ಯಾರೋ ಗುರುತಿಲ್ಲದವಳ ಹಾಗೆ, ಮೊರದಲ್ಲಿ ತೌಡು ಹಿಡಿದು ಬರಬೇಕು.

"ಯವ್ವಾ, ಕೂಸು ಮಾರ್ತಿ ಏನು?"

"ತೌಡು ತಂದವರಿಗೆ ಕೊಡ್ತೀನವ್ವಾ."

ತೌಡು ಕೊಟ್ಟು ಕೊಂಡ ಕೂಸನ್ನು ಸಾವು ಮೂಸಿಯೂ ನೋಡುತ್ತಿರಲಿಲ್ಲವಂತೆ. ತಿಪ್ಪಣ್ಣ, ಕಲ್ಲಪ್ಪ, ಗುಂಡವ್ವ ಎಂದು ಊರ ತುಂಬ ಅಂಥವೇ ಹೆಸರು. ಅವರೆಲ್ಲ ಗಾಳೆವ್ವನ ಮಕ್ಕಳು, ಮನೆಯಿಂದ ತೌಡು ಬರುವಷ್ಟು ಹೊತ್ತು. ಅವಳ ಕೈ ಸೋಕಿದ ಕೂಸು ನೂರು ವರ್ಷ ಬದುಕುತ್ತದೆ ಅಂದರು. ಎತ್ತಿಕೊಂಡರೆ ಅವಳ ಒಣ ಎದೆಯಲ್ಲಿ ಹಾಲು ಜಿನುಗುತ್ತದೆ ಅಂದರು. ಆದರೆ ಅದೇ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಕರೆಯುತ್ತಿರಲಿಲ್ಲ. ಬಂಜೆಯ ನೆರಳು ತೊಟ್ಟಿಲ ಮೇಲೆ ಬೀಳಬಾರದಲ್ಲ.

ಮೇಲ್ಮನೆಯ ಬಸಲಿಂಗವ್ವ ಅಂತ ಒಬ್ಬಳು ಯಜಮಾನಿ. ಅವಳ ಸೊಸೆಗೆ ಹುಟ್ಟಿದ ಗಂಡುಮಕ್ಕಳು ಸತ್ತು, ಆಮೇಲೆ ಹೆಣ್ಣಾಯಿತು. ಸೊಸೆ ಕೂಸನ್ನು ತಿಪ್ಪೆಗೆ ಹಾಕಿ ಬಂದು ಮೊರದಲ್ಲಿ ತೌಡು ತುಂಬುತ್ತಿದ್ದಳು. ಅತ್ತೆ ಮೊರ ಹಿಡಿದುಕೊಂಡಳಂತೆ.

"ಗಂಡಾಗಲಿ, ಆವಾಗ ಹೋಗೂಣಂತ. ತೌಡು ಎಮ್ಮಿಗರೆ ಆಕ್ಕೈತಿ."

ಗಾಳೆವ್ವ ಕೂಸು ಹಿಡಿದು ಕಾದಳು. ಹೊತ್ತು ಏರಿತು, ಹೊತ್ತು ಇಳಿಯಿತು. ನೀರಿಗೆ ಹೋಗುವವರು ನೋಡಿದರು, ನೀರು ತರುವವರು ನೋಡಿದರು, ನೋಡಿ ತಮ್ಮ ಪಾಡಿಗೆ ಹೋದರು. ಕೊನೆಗೆ ಆಡಿನ ಹಾಲು ಕಾಸಿ ಕುಡಿಸಿ ಮಲಗಿಸಿದಳು.

ಹೆಸರಿಡಬೇಕೆಂದರೆ ಸೋದರತ್ತೆ ಬೇಕು. ಅವಳು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು, ಗುಗ್ಗರಿ ಹಂಚಬೇಕು. ಗಾಳೆವ್ವ ಮನೆಮನೆಗೆ ಹೋಗಿ ಕರೆದಳು. ಯಾರೂ ಬರಲಿಲ್ಲ. ಹಳೇ ಸೀರೆಯನ್ನೇ ತೊಟ್ಟಿಲಾಗಿ ಕಟ್ಟಿ ಕೂಸನ್ನು ಹಾಕಿ, ತಾನೇ ತಾಯಿಯಾಗಿ ಕೂತಳಂತೆ. ಎದ್ದು ತಾನೇ ಸೋದರತ್ತೆಯಾಗಿ ಕಿವಿಯಲ್ಲಿ ಹೆಸರು ಹೇಳಿದಳಂತೆ. ಕೈ ಹಿಂದಕ್ಕೆ ತಿರುವಿ ತನ್ನ ಬೆನ್ನಿಗೆ ತಾನೇ ಗುದ್ದಿಕೊಂಡಳಂತೆ. ಇಟ್ಟ ಹೆಸರು ಬಂಗಾರೆವ್ವ. ಸಾವಿಗೆ ಕೇಳಿಸಿದರೆ ಕೇಳಿಸಲಿ ಎಂಬಂತೆ.

ಸಾವು ಬರಲಿಲ್ಲ. ಬಂಗಾರೆವ್ವ ಬೆಳೆದಳು, ರೊಟ್ಟಿ ತಟ್ಟುವಷ್ಟು, ಬೈದವರಿಗೆ ತಿರುಗಿ ಬೈಯುವಷ್ಟು ಬೆಳೆದಳು. ಅತ್ತ ಮೇಲ್ಮನೆಯಲ್ಲಿ ಗಂಡುಕೂಸುಗಳೇ ಹುಟ್ಟಿದವು. ಹೆಣ್ಣನ್ನು ಬಿಟ್ಟುಬಂದ ತಿಪ್ಪೆಗೆ ಮತ್ತೆ ಹೋಗಲು ಮುಖವಿಲ್ಲದೆ ಅವುಗಳನ್ನು ತೊಟ್ಟಿಲಲ್ಲೇ ಇಟ್ಟರು, ತೊಟ್ಟಿಲಲ್ಲೇ ಹೋದವು. ದಾಯಾದಿಗಳು ಹೊಲದ ಬದುವಿನ ಮೇಲೆ ಬಂದು ನಿಲ್ಲತೊಡಗಿದಾಗ ಬಸಲಿಂಗವ್ವನಿಗೆ ಮೊಮ್ಮಗಳ ನೆನಪಾಯಿತು. ಮನೆ ಅಳಿಯನನ್ನು ತರಲು ಒಂದು ಹೆಣ್ಣು ಬೇಕಿತ್ತು.

ಮೊರದ ತುಂಬ ತೌಡು ಹಿಡಿದು, ಊರ ಹಿರಿಯರನ್ನು ಮುಂದಿಟ್ಟುಕೊಂಡು ಬಂದಳು.

"ತೌಡು ತಂದೀನಿ. ಕೂಸು ಕೊಡು."

"ಕೂಸು ಎಲ್ಲೈತಿ ಯವ್ವಾ? ಇದು ಆಗಲೇ ನೀರು ಹೊರತೈತಿ," ಅಂದಳಂತೆ ಗಾಳೆವ್ವ.

ಇಂಥ ಹೊತ್ತಿನೊಳಗೇ ತೌಡು ತರಬೇಕು ಅಂತ ನೀನು ಎಂದಾದರೂ ಹೇಳಿದ್ದೆಯಾ ಎಂದು ಹಿರಿಯರು ಕೇಳಿದರು. ಹೇಳಿರಲಿಲ್ಲ. ಅವಳು ನೋಡಲು ನೆರೆದಿದ್ದ ಹೆಂಗಸರ ಕಡೆ ತಿರುಗಿದಳು. ಅಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಜನರ ಮಕ್ಕಳನ್ನು ತಿಪ್ಪೆಯಿಂದ ಎತ್ತಿಕೊಟ್ಟವಳು ಅವಳೇ. ಅವರ ನಡುವೆ ದಿನ ತುಂಬಿದ ಬಸುರಿಯೊಬ್ಬಳಿದ್ದಳು, ಹಿಂದೆ ಕೂಸು ಕಳೆದುಕೊಂಡವಳು. ಅವಳೇ ಬಾಯಿಬಿಟ್ಟಳು.

"ಅತ್ತೀ, ಇವತ್ತ ನೀ ಕೊಡಲಿಲ್ಲಂದ್ರ, ನಾಳೆ ನನ್ನ ಕೂಸನ್ನ ಯಾವ ನಂಬಿಕಿ ಮ್ಯಾಲೆ ಇಲ್ಲಿ ಇಡ್ಲಿ?"

ಉಳಿದವರು ತಲೆಯಾಡಿಸಿದರು. ಅದು ನ್ಯಾಯದ ಮಾತೇ.

"ತೌಡು ತೋರಿಸಿ ಹೊಡಕೊಂಡು ಹೋಗಾಕ ನಾ ಏನ್ ಎಮ್ಮಿ ಏನು?" ಅಂದಳಂತೆ ಬಂಗಾರೆವ್ವ. ಒಂದಿಬ್ಬರು ನಕ್ಕರು ಕೂಡ. ಗಾಳೆವ್ವ ನಗಲಿಲ್ಲ. ವ್ಯಾಪಾರದ ರೀತಿ ಎಂದರೆ ರೀತಿ. ಅಷ್ಟು ದೊಡ್ಡ ಹುಡುಗಿಯನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಬಸಲಿಂಗವ್ವನ ಮಡಿಲಿಗೆ ಹಾಕಿದಳು.

"ಕೊಟ್ಟೀನಿ," ಅಂದಳು. ಅಷ್ಟೇ ಅಂದಳಂತೆ.

ಮೇಲ್ಮನೆಯಲ್ಲಿ ಹುಡುಗಿಯನ್ನು ತೊಟ್ಟಿಲಿಗೆ ಹಾಕಿದರು. ಅವಳ ಕಾಲುಗಳು ಹೊರಗೆ ಜೋತುಬಿದ್ದಿದ್ದವು. ಸೋದರತ್ತೆ ಬಂದಳು, ಸತ್ತ ಮುತ್ತಜ್ಜಿಯ ಹೆಸರನ್ನು ಕಿವಿಯಲ್ಲಿ ಹೇಳಿದಳು, ಬೆನ್ನಿಗೆ ಗುದ್ದುಗಳು ಬಿದ್ದವು. ಊರೆಲ್ಲ ಹೋಗಿ ಗುಗ್ಗರಿ ತಿಂದು ಬಂತು. ಗಾಳೆವ್ವನನ್ನು ಕರೆಯಲಿಲ್ಲ. ಆ ಹೊಸ ಹೆಸರಿಗೆ ಹುಡುಗಿ ಸಾಯುವತನಕ ಓಗೊಡಲಿಲ್ಲವಂತೆ. ಮನೆಯವರು ಕಿವಿ ಮಂದ ಅಂದುಕೊಂಡರು.

ಆ ಬಸುರಿ ಹೆತ್ತಳು, ಗಂಡುಕೂಸು. ತಿಪ್ಪೆಯ ಮೇಲೆ ತಂದಿಟ್ಟಳು. ಗಾಳೆವ್ವ ಬಂದಳು, ಆದರೆ ಬಗ್ಗಲಿಲ್ಲ.

"ಮೊದಲು ತೌಡು," ಅಂದಳು.

ಅಲ್ಲಿಂದ ಮುಂದೆ ತೌಡು ಕಣ್ಣಿಗೆ ಬೀಳದೆ ಯಾವ ಕೂಸನ್ನೂ ಅವಳು ಮುಟ್ಟಲಿಲ್ಲ. ವಯಸ್ಸಾಗುತ್ತ ಆಸೆಬುರುಕಿ ಆದಳು ಅಂದರು ಜನ.

ಅವಳು ಸತ್ತ ಮೇಲೆ ತಿಪ್ಪೆಯ ಪಕ್ಕ ಒಂದು ಕಲ್ಲು ನಿಂತಿತು. ನಿಲ್ಲಿಸಿದವರು ಮೇಲ್ಮನೆಯವರೇ. ಈಗಲೂ ಆ ಊರಲ್ಲಿ ಗಂಡು ಹುಟ್ಟಿದರೆ ಕಲ್ಲಿನ ಮುಂದೆ ಮಲಗಿಸಿ, ತೌಡು ಸುರಿದು, "ಅತ್ತೀ, ಕೂಸು ಕೊಡು" ಎಂದು ಕೇಳಿ ಎತ್ತಿಕೊಂಡು ಬರುತ್ತಾರೆ. ತೊಟ್ಟಿಲ ದಿನ ಗುಗ್ಗರಿಯ ಮೊದಲ ಹಿಡಿ ಆ ಕಲ್ಲಿಗೆ. ಹೆಣ್ಣುಕೂಸನ್ನು ಮಾತ್ರ ಅತ್ತ ಒಯ್ಯುವುದಿಲ್ಲ. ಯಾಕೆ ಅಂತ ಕೇಳಿದರೆ ಹೆಂಗಸರು ಕಲ್ಲಿಗೆ ಕೇಳಿಸದ ಹಾಗೆ ಹೇಳುತ್ತಾರೆ:

"ಗಾಳೆವ್ವಗ ಹೆಣ್ಣಿನ ಆಸೆ ಬಾಳ. ತಗೊಂಡ್ರ ತಿರುಗಿ ಕೊಡೂದಿಲ್ಲ."