ನಡುವಿಲ್ಲದ ರೊಟ್ಟಿ

ಬಹಳ ಹಿಂದೆ, ಇಟಲಿಯ ಬೆಟ್ಟಸೀಮೆಯಲ್ಲಿ, ಪಿಯೆತ್ರಮೂರ ಎಂಬ ಒಂದು ಊರು. ಮನೆಗಳು ನಲವತ್ತು. ಒಲೆ ಒಂದೇ, ಊರೊಟ್ಟಿನದು. ಅಕ್ಷರ ಬಲ್ಲವರಿಲ್ಲ. ಯಾರ ರೊಟ್ಟಿ ಯಾರದೆಂದು ತಿಳಿಯಲು ಮನೆಗೊಂದು ಮರದ ಅಚ್ಚು. ಹಸಿ ಹಿಟ್ಟಿನ ನಡುವೆ ಅದನ್ನೊತ್ತಿ ಬೇಯಿಸುತ್ತಿದ್ದರು. ಮನೆಯ ಯಜಮಾನ ಮೂರು ವಸಂತ ಬಂದರೂ ಮರಳದಿದ್ದರೆ ಅವನ ಅಚ್ಚನ್ನು ಒಲೆಗೆ ಹಾಕುವುದು ಕಟ್ಟಳೆ. ಅಚ್ಚು ಉರಿದರೆ ಅವನು ಸತ್ತ ಲೆಕ್ಕ.

ಇಷ್ಟು ಇದ್ದದ್ದು. ಇನ್ನುಳಿದದ್ದು ಹಿರಿಯರು ಹೇಳಿದ್ದು.

ಆ ಅಚ್ಚುಗಳನ್ನೆಲ್ಲ ಕೆತ್ತುತ್ತಿದ್ದವಳು ಒರ್ಸೊಲಾ. ಅವಳು ಕೆತ್ತಿದ ಹುಂಜ ರೊಟ್ಟಿ ಬೆಂದಾಗ ಕತ್ತು ಹೊರಳಿಸುತ್ತಿತ್ತಂತೆ. ಅವಳ ಮೀನಿನ ಮೈ ಒದ್ದೆಯಾಗಿರುತ್ತಿತ್ತಂತೆ. ಗಂಡ ನುನ್ಸಿಯೊ ಕುರಿಗಾಹಿ, ಎಡಚ. ಒಂದು ಶರತ್ಕಾಲದಲ್ಲಿ, ಬೆಟ್ಟದ ಚಳಿ ಕಳೆಯಲು ಮಂದೆಯೊಡನೆ ಬಯಲಿಗೆ ಇಳಿದವನು ವಸಂತಕ್ಕೆ ಮರಳಲಿಲ್ಲ. ಮರುವಸಂತಕ್ಕೂ ಮರಳಲಿಲ್ಲ.

ಮೂರನೆಯ ಶರತ್ಕಾಲಕ್ಕೆ ಒರ್ಸೊಲಾ ತನ್ನ ಮನೆಯ ಟಗರಿನ ಅಚ್ಚೊತ್ತಿ, ಎರಡು ಬಾರಿ ಬೇಯಿಸಿ ಒಣಗಿಸಿದ ರೊಟ್ಟಿಯೊಂದನ್ನು ಕುರಿಗಾಹಿಗಳ ಕೈಗಿತ್ತಳು. ತಂಗಿದಲ್ಲೆಲ್ಲ ಇದನ್ನು ಕಲ್ಲಿನ ಮೇಲಿಡಿ, ಗುರುತು ಬಲ್ಲವನು ತಾನಾಗಿ ಕೈಯಿಡುತ್ತಾನೆ ಎಂದಳಂತೆ.

ವಸಂತ ಬಂತು. ಅಚ್ಚು ಕೇಳಲು ಮೈದುನ ಗಸ್ಪಾರೆ ಬಂದ. ಊರ ಒಲೆಯನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅವನು ಹೊಸ್ತಿಲಲ್ಲಿ ನಿಂತಿರುವಾಗಲೇ ಕುರಿಗಾಹಿಗಳು ರೊಟ್ಟಿಯನ್ನು ಹಿಂದಕ್ಕೆ ತಂದರು. ಅಂಚು ಇತ್ತು. ನಡುವಿನ ಟಗರು ಇರಲಿಲ್ಲ. ಬಯಲಿನಲ್ಲಿ ಒಂದು ಬೆಳಗ್ಗೆ ಮಂಜು ಕವಿದಿತ್ತು, ಯಾರು ಬಂದರೋ ಕಾಣಲಿಲ್ಲ ಎಂದರು.

"ನಿಮ್ಮ ಕೆತ್ತನೆ ಇಲಿಗಳಿಗೂ ಹಿಡಿಸಿತು, ಅತ್ತಿಗೆ," ಎಂದ ಗಸ್ಪಾರೆ.

ಒರ್ಸೊಲಾ ತೂತಿನ ಅಂಚಿನ ಸುತ್ತ ಬೆರಳಾಡಿಸಿದಳು. ಮರ ಕೆತ್ತುವವಳಿಗೆ ಕೊಯ್ತ ಯಾವ ಕಡೆ ವಾಲಿದೆಯೆಂದು ತಿಳಿಯುತ್ತದೆ.

"ಇಲಿ ಚಾಕು ಹಿಡಿಯುವುದಿಲ್ಲ, ಗಸ್ಪಾರೆ. ಹಿಡಿದರೂ ಎಡಗೈಯಲ್ಲಿ ಹಿಡಿಯುವುದಿಲ್ಲ. ನಿಮ್ಮಣ್ಣ ಬದುಕಿದ್ದಾರೆ."

ಅಚ್ಚು ಉಳಿಯಿತು. ಬದುಕಿದ್ದೂ ಬಾರದವನ ಹೆಂಡತಿ ಎಂಬ ಹೆಸರೂ ಉಳಿಯಿತು. ಬಾವಿಕಟ್ಟೆಯಲ್ಲಿ ಹೆಂಗಸರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಅವಳು ಕೊಡ ತುಂಬಿಸಿಕೊಂಡು ಬಂದಳು.

ಪ್ರತಿ ಶರತ್ಕಾಲಕ್ಕೆ ರೊಟ್ಟಿ ಇಳಿಯಿತು. ಪ್ರತಿ ವಸಂತಕ್ಕೆ ನಡುವಿಲ್ಲದೆ ಏರಿ ಬಂತು. ಹತ್ತೊಂಬತ್ತು ವರ್ಷ ಎನ್ನುತ್ತಾರೆ, ಮೂವತ್ತು ಎನ್ನುವವರೂ ಇದ್ದಾರೆ. ಕಡೆಕಡೆಗೆ ಕೊಯ್ತ ನಡುಗುತ್ತಿತ್ತಂತೆ. ಅವಳು ರೊಟ್ಟಿಯನ್ನು ಮೆದುವಾಗಿ ಬೇಯಿಸತೊಡಗಿದಳಂತೆ.

ಒಂದು ವಸಂತ, ರೊಟ್ಟಿ ಇಡಿಯಾಗಿ ಬಂತು. ಟಗರು ಹಾಗೆಯೇ ಇತ್ತು. ಒರ್ಸೊಲಾ ಹೊಸ್ತಿಲಲ್ಲಿ ಕುಳಿತು, ನೀರಿನಲ್ಲಿ ನೆನೆಸಿ, ಅಷ್ಟನ್ನೂ ಒಬ್ಬಳೇ ತಿಂದಳು. ಗಸ್ಪಾರೆ ಬಂದು ಎದುರಿಗೆ ನಿಂತನಂತೆ. ಅವನಿಗೆ ಒಂದು ಚೂರೂ ಕೊಡಲಿಲ್ಲವಂತೆ.

ಇಂದಿಗೂ ಆ ಊರಿನಲ್ಲಿ, ಮನೆಯ ಒಬ್ಬರು ದೂರವಿದ್ದರೆ, ಉಳಿದವರು ರೊಟ್ಟಿಯ ಸುತ್ತ ತಿಂದು ನಡುವನ್ನು ಬಿಡುತ್ತಾರೆ.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಹೇಳುವಾಗ ನುನ್ಸಿಯೊ ಏಕೆ ಬರಲಿಲ್ಲವೆಂದು ನಿಮ್ಮದೊಂದು ಕಾರಣ ಸೇರಿಸಬೇಡಿ. ಒರ್ಸೊಲಾ ಸೇರಿಸಲಿಲ್ಲ.