ಹರಿತವಾಗಿಯೇ ಉಳಿದ ಕಲ್ಲುಕೊಡಲಿ

ಹಸಿದ ಮುಳ್ಳುಹಂದಿಯೊಂದು ಎಲುಬು ಕಡಿಯಲೆಂದು ಗುಹೆಯ ನೆಲ ಬಗೆಯಿತು. ಒಳಗೆ ಒಂದು ಪುಟ್ಟ ಅಸ್ಥಿಪಂಜರವಿತ್ತು. ಅದರ ಕೈಯ ಪಕ್ಕದಲ್ಲಿ ಕಲ್ಲಿನ ಕೊಡಲಿಯಿತ್ತು. ಮುಳ್ಳುಹಂದಿ ಒಂದು ಎಲುಬನ್ನು ಎಳೆದಿಟ್ಟುಕೊಂಡು ಕೇಳಿತು:

"ಎಲೈ ಕೊಡಲಿಯೇ, ಹೊರಗೆ ಬಿದ್ದಿರುವ ನಿನ್ನ ಬಳಗವೆಲ್ಲ ಮೊಂಡಾಗಿದೆ. ನಿನ್ನ ಅಲಗು ಮಾತ್ರ ಇಷ್ಟು ಹರಿತವೇಕೆ?"

"ನಾನು ಒಂದು ಕಡ್ಡಿಯನ್ನೂ ಕಡಿದಿಲ್ಲ."

"ಹಾಗಾದರೆ ನಿನ್ನನ್ನು ಮಾಡಿದ ಬೇಟೆಗಾರರು ಇಲ್ಲಿ ಮರೆತು ಹೋದರೇ?"

"ಮರೆಯುವವರು ಗುಂಡಿ ತೋಡುತ್ತಾರೆಯೇ? ನನಗೆ ಕೆಮ್ಮಣ್ಣು ಬಳಿದು, ಈ ಮಗುವಿನ ಕೈಗೆ ತಾಗಿಸಿ ಇಟ್ಟರು."

"ಇಷ್ಟು ಚಿಕ್ಕ ಕೈ ನಿನ್ನನ್ನು ಎತ್ತೀತೇ?"

"ಎತ್ತಲಾರದು. ಸತ್ತು ಹೋದ ಕಡೆ ಮಗು ಬೆಳೆಯುತ್ತದೆಂದು ಇಟ್ಟರು."

ಮುಳ್ಳುಹಂದಿ ಎಳೆದಿದ್ದ ಎಲುಬನ್ನು ಅದರ ಜಾಗಕ್ಕೇ ಸರಿಸಿತು. ಆಮೇಲೆ ಹಸಿದ ಹೊಟ್ಟೆಯಲ್ಲೇ, ಬಗೆದ ಮಣ್ಣನ್ನೆಲ್ಲ ಮತ್ತೆ ಗುಂಡಿಗೆ ನೂಕತೊಡಗಿತು.